ಶನಿವಾರ ಹಂಚಿದ ಶನಿ

ಗುರುವಾರ ರಾತ್ರಿ ಒಂಬತ್ತೂವರೆಗೆ, ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಮಗಳು ಕೇಳಿದಳು: "ಅಪ್ಪಾ, ನನ್ನ ಬರ್ತ್‌ಡೇ ಕಾರ್ಡ್ ಎಲ್ಲಿ?"

ನಾನು ಆಗ ಒಂಬತ್ತನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದೆ. ಸವರ್ಣದೀರ್ಘ ಸಂಧಿಗೆ ಒಂದು ಉದಾಹರಣೆ ಕೊಡು ಎಂದರೆ "ಸವರ್ಣದೀರ್ಘ" ಎಂದೇ ಬರೆದಿದ್ದ ಹುಡುಗನಿಗೆ ಧೈರ್ಯಕ್ಕಾದರೂ ಅರ್ಧ ಅಂಕ ಕೊಡಬಹುದೇ ಎಂದು ಯೋಚಿಸುತ್ತಿದ್ದವನಿಗೆ ಮಗಳ ಪ್ರಶ್ನೆ ಪಠ್ಯಕ್ರಮದ ಹೊರಗಿನದು ಅನ್ನಿಸಿತು. ಆಗಿರಲಿಲ್ಲ. ಮೂರು ವಾರದ ಹಿಂದೆ ಕೆಲಸಗಳ ಹಂಚಿಕೆಯಾದಾಗ ಕೇಕು, ತಿಂಡಿ, ಬಲೂನು, ಬರುವ ಮಕ್ಕಳ ಅಪ್ಪ ಅಮ್ಮಂದಿರನ್ನು ಮಾತನಾಡಿಸುವುದು ಇಷ್ಟೂ ಹೆಂಡತಿಯ ಪಾಲಿಗೆ ಹೋಗಿ, ಆಮಂತ್ರಣ ಪತ್ರಿಕೆಯೊಂದು ಮಾತ್ರ ನನ್ನ ಪಾಲಿಗೆ ಬಂದಿತ್ತು. "ಕನ್ನಡ ಮೇಷ್ಟ್ರಲ್ಲವೇ, ನಾಲ್ಕು ಸಾಲು ಬರೆಯುವುದಕ್ಕೇನು" ಎಂದು ನಾನೇ ಉದಾರವಾಗಿ ಒಪ್ಪಿಕೊಂಡಿದ್ದೆ. ಹುಟ್ಟುಹಬ್ಬ ಭಾನುವಾರ. ಶಾಲೆಯಲ್ಲಿ ಪತ್ರಿಕೆ ಹಂಚಬೇಕಾದದ್ದು ಶನಿವಾರ, ಅರ್ಧ ದಿನದ ತರಗತಿ ಮುಗಿಯುವುದರೊಳಗೆ.

ನಾನು ಒಪ್ಪಿಕೊಂಡಾಗ ಹುಟ್ಟುಹಬ್ಬದ ಥೀಮ್ ಚಿಟ್ಟೆಯಾಗಿತ್ತು ಎಂಬುದನ್ನೂ ಹೇಳಬೇಕು. ಚಿಟ್ಟೆ ಬಡವರ ಬಂಧು. ಹಾಳೆಯನ್ನು ನಡುವೆ ಮಡಚಿ ಹೇಗೆ ಕತ್ತರಿಸಿದರೂ ಬಿಚ್ಚಿದಾಗ ಒಂದಿಷ್ಟು ಚಿಟ್ಟೆಯ ಹಾಗೆಯೇ ಕಾಣುತ್ತದೆ. ಅಷ್ಟರಲ್ಲಿ ಆಗಸ್ಟ್ 23 ಬಂತು. 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದ ದಿನವದು. ಈಗ ಅದನ್ನು ರಾಷ್ಟ್ರೀಯ ಬಾಹ್ಯಾಕಾಶ ದಿನವೆಂದು ಆಚರಿಸುತ್ತಾರೆ. ಶಾಲೆಯವರು ಮಗಳ ಮೈಗೆಲ್ಲ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಸುತ್ತಿ ಅವಳನ್ನೇ ವಿಕ್ರಮ್ ಮಾಡಿದರು. ವೇದಿಕೆಯ ಮೇಲೆ ಅವಳು ನಿಧಾನವಾಗಿ ಕುಕ್ಕರುಗಾಲಿನಲ್ಲಿ ಕುಳಿತಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬಂದವಳು ಚಿಟ್ಟೆಗಳನ್ನೆಲ್ಲ ಒಂದೇ ಮಾತಿನಲ್ಲಿ ಹಾರಿಸಿಬಿಟ್ಟಳು. ಥೀಮ್ ಬಾಹ್ಯಾಕಾಶವಾಯಿತು.

ಹಾಸನದಲ್ಲಿ ಈ ಹುಚ್ಚು ಹತ್ತುವುದು ಸುಲಭ. ನಮ್ಮ ಮನೆಯಿರುವ ಸಾಲಗಾಮೆ ರಸ್ತೆಯಲ್ಲೇ ಮುಂದೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಿಂದ ಇದೆ. ರಾಕೆಟ್ ಹಾರಿಸುವುದು ಶ್ರೀಹರಿಕೋಟದವರ ಕೆಲಸ. ಮೇಲೆ ಹೋದ ಇನ್ಸಾಟ್, ಜಿಸ್ಯಾಟ್ ಉಪಗ್ರಹಗಳನ್ನು ಸುಮಾರು 36,000 ಕಿಲೋಮೀಟರ್ ಎತ್ತರದ ಕಕ್ಷೆಗೆ ತಲುಪಿಸಿ ಅಲ್ಲಿ ದಾರಿ ತಪ್ಪದಂತೆ ಕಾಯುವುದು ಹಾಸನದ್ದು. ಮದುವೆ ಮಾಡಿಕೊಟ್ಟವರು ಒಬ್ಬರು, ಬಾಳಿಸುವವರು ಇನ್ನೊಬ್ಬರು ಎಂದ ಹಾಗೆ. ದೂರದಿಂದ ಕಾಣುವ ಆ ದೊಡ್ಡ ದೊಡ್ಡ ಬಿಳಿ ಆಂಟೆನಾಗಳನ್ನು ನಾನು ಇಷ್ಟು ವರ್ಷ ಹೆಮ್ಮೆಯಿಂದಲೇ ನೋಡುತ್ತಿದ್ದೆ. ಅವುಗಳಿಂದ ನನಗೇ ಒಂದು ದಿನ ಪೀಕಲಾಟ ಬರುತ್ತದೆ ಎಂದು ತಿಳಿದಿರಲಿಲ್ಲ.

ಶುಕ್ರವಾರ ಶಾಲೆ ಮುಗಿಸಿ ಮೊದಲು ಹೋದದ್ದು ಒಂದು ಮುದ್ರಣದಂಗಡಿಗೆ. "ಇಪ್ಪತ್ತೆರಡು ಕಾರ್ಡ್ ಬೇಕಾಗಿತ್ತು" ಎಂದೆ. "ನೂರಕ್ಕೆ ಕಡಿಮೆ ಹಾಕುವುದಿಲ್ಲ ಸರ್" ಎಂದರು. ಇಪ್ಪತ್ತೆರಡು ಸಾಕಾಗಿದ್ದವನಿಗೆ ಉಳಿದ ಎಪ್ಪತ್ತೆಂಟನ್ನು ಏನು ಮಾಡುವುದೆಂಬ ಚಿಂತೆ. ಅಂಗಡಿಯವರು ಸಮಾಧಾನ ಹೇಳಿದರು: "ಮುಂದಿನ ವರ್ಷಕ್ಕೆ ಬರುತ್ತದೆ ಸರ್, ಏಳನ್ನು ಎಂಟು ಮಾಡಿದರೆ ಆಯಿತು." ನಾಲ್ಕು ವರ್ಷ ಹಾಗೆಯೇ ತಿದ್ದುತ್ತಾ ಹೋಗಬಹುದಿತ್ತು ನಿಜ. ಆದರೆ ಮುಂದಿನ ವಾರ ಥೀಮ್ ಡೈನೋಸಾರ್ ಆಗುವುದಿಲ್ಲ ಎಂದು ಯಾರು ಬರೆದುಕೊಡುತ್ತಾರೆ?

ವಾಟ್ಸ್‌ಆ್ಯಪ್‌ನಲ್ಲಿ ಒಂದು ಚಿತ್ರ ಕಳುಹಿಸಿಬಿಡೋಣ ಎಂದು ಹೆಂಡತಿ ಗುರುವಾರವೇ ಹೇಳಿದ್ದಳು. ಎರಡು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಮಗಳು ಒಪ್ಪಲಿಲ್ಲ, ಅವಳ ಬೆಂಚಿನ ಗೆಳತಿ ಕೈಯಲ್ಲಿ ಹಿಡಿಯುವ ಕಾರ್ಡ್ ಕೊಟ್ಟಿದ್ದಳಂತೆ. ನಾನೂ ಒಪ್ಪಲಿಲ್ಲ. ಕೈಬರಹದ ಬೆಲೆ, ಕಾಗದದ ಘಮ ಎಂದೇನೇನೋ ಹೇಳಿದೆ. ಮೇಷ್ಟ್ರುಗಳಿಗೆ ಈ ಕಾಯಿಲೆ ಇರುತ್ತದೆ.

ಹಾಗಾಗಿ ಕಟ್ಟಿನಕೆರೆ ಮಾರುಕಟ್ಟೆಗೆ ಹೋದೆ. ಕಾಗದ ಕೊಳ್ಳುವುದಕ್ಕಲ್ಲ, ಆಲೂಗಡ್ಡೆ ಕೊಳ್ಳುವುದಕ್ಕೆ. ತರಕಾರಿಯಿಂದ ಅಚ್ಚು ಹಾಕುವುದನ್ನು ನಮ್ಮ ಶಾಲೆಯ ಚಿತ್ರಕಲಾ ಮೇಷ್ಟ್ರು ಮಕ್ಕಳಿಗೆ ಕಲಿಸುವಾಗ ಕಿಟಕಿಯಿಂದ ನೋಡಿದ್ದೆ. ಕಿಟಕಿಯಿಂದ ನೋಡಿದ ವಿದ್ಯೆಗಳೆಲ್ಲ ಬಹಳ ಸುಲಭವಾಗಿರುತ್ತವೆ. ಆಲೂಗಡ್ಡೆಯನ್ನು ಅಡ್ಡಕ್ಕೆ ಕತ್ತರಿಸಿದರೆ ಗ್ರಹ. ಬೆಂಡೆಕಾಯಿಯನ್ನು ಕತ್ತರಿಸಿದರೆ ಐದು ಮೂಲೆಯ ನಕ್ಷತ್ರ. ಈರುಳ್ಳಿಯನ್ನು ಎರಡು ಹೋಳು ಮಾಡಿದರೆ ಒಂದರೊಳಗೊಂದು ಕಕ್ಷೆಗಳು. ಇಡೀ ಸೌರಮಂಡಲ ಒಂದು ಕೈಚೀಲದಲ್ಲಿ, ನಲವತ್ತು ರೂಪಾಯಿಗೆ. ಜೊತೆಗೆ ದಪ್ಪನೆಯ ಡ್ರಾಯಿಂಗ್ ಹಾಳೆಗಳಿಗೆ ಮೂವತ್ತು ರೂಪಾಯಿ. ಆಲೂಗಡ್ಡೆಯ ಜಿಲ್ಲೆಯಲ್ಲಿ ಹುಟ್ಟಿ, ಮುಂಗಾರಿಗೆ ಮುಂಚೆ ಜಲಂಧರದ ಬಿತ್ತನೆ ಗಡ್ಡೆಗೆ ಸಾಲಿನಲ್ಲಿ ನಿಂತವರ ಮಗನಾಗಿ, ಅಂಗಮಾರಿ ರೋಗಕ್ಕೆ ಹೆದರಿ ಆಕಾಶ ನೋಡುವುದನ್ನು ಚಿಕ್ಕಂದಿನಿಂದ ಕಂಡವನು ನಾನು. ನಮ್ಮ ಮನೆಯಲ್ಲಿ ಆಲೂಗಡ್ಡೆಗೂ ಆಕಾಶಕ್ಕೂ ಸಂಬಂಧ ಹಳೆಯದೇ.

ಬಣ್ಣಕ್ಕೆ ದುಡ್ಡು ಕೊಡಬಾರದು ಎಂದು ನಿರ್ಧರಿಸಿದ್ದೆ. ಹಾಳೆಗಳನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆದರೆ ಹಳೆಯ ನಕ್ಷೆಯ ಹಾಗೆ ಕಂದುಬಣ್ಣ ಬರುತ್ತದೆ, ಹಳದಿಗೆ ಅರಿಶಿನ. ಕೆಂಪಿಗೆ ಏನು ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕುಳಿತಿದ್ದ ಅಮ್ಮ, ಮಾತೇ ಆಡದೆ, ಅರಿಶಿನದ ಬಟ್ಟಲಿಗೆ ತನ್ನ ಡಬ್ಬಿಯಿಂದ ಒಂದು ಚಿಟಿಕೆ ಸುಣ್ಣ ಹಾಕಿ ಬೆರಳಿನಲ್ಲಿ ಕಲಸಿದಳು. ಆರತಿಯ ಓಕುಳಿಯ ಹಾಗೆ ಕೆಂಪೇರಿತು. ಮಗಳು "ಮಂಗಳ!" ಎಂದು ಕಿರುಚಿದಳು. ಅಮ್ಮನಿಗೆ ಅದು ಮಂಗಳಾರತಿಯ ಮಂಗಳ ಅನ್ನಿಸಿ ಬಹಳ ಸಂತೋಷವಾಯಿತು. ತಪ್ಪು ತಿಳಿವಳಿಕೆಯ ಮೇಲೆ ನಿಂತ ಆ ಶಾಂತಿ ಹತ್ತು ನಿಮಿಷ ಬಾಳಿತು.

ಏಕೆಂದರೆ ಮುಖಪುಟಕ್ಕೆ ಯಾವ ಗ್ರಹ ಎಂಬ ಪ್ರಶ್ನೆ ಬಂತು. ಮಗಳಿಗೆ ಬಳೆ ತೊಟ್ಟ ಗ್ರಹವೇ ಬೇಕು.

"ಶನಿಯೇ?" ಅಮ್ಮ ಎಲೆಯನ್ನು ಕೆಳಗಿಟ್ಟಳು. "ಮೊದಲ ಪುಟದಲ್ಲಿ ಗಣಪತಿಯನ್ನು ಹಾಕುತ್ತಾರೆ, ಲಕ್ಷ್ಮಿಯನ್ನು ಹಾಕುತ್ತಾರೆ. ಶನಿಯನ್ನು ಹಾಕಿ ನಮ್ಮ ಮನೆಗೆ ಬನ್ನಿ ಎಂದು ಯಾರಾದರೂ ಕರೆಯುತ್ತಾರೆಯೇ? ಅವನು ಕರೆಯದೇ ಬಂದರೇ ಏಳೂವರೆ ವರ್ಷ ಕೂರುತ್ತಾನೆ."

"ಅಜ್ಜಿ, ಅವನು ಸೂರ್ಯನನ್ನು ಒಂದು ಸುತ್ತು ಬರುವುದಕ್ಕೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು" ಎಂದು ಮಗಳು ತನ್ನ ಪುಸ್ತಕ ತೆರೆದಳು.

ನಾನು ಸುಮ್ಮನಿರಬಹುದಿತ್ತು. ಆದರೆ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟೆ: ಇಪ್ಪತ್ತೊಂಬತ್ತೂವರೆಯನ್ನು ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಹೆಚ್ಚುಕಡಿಮೆ ಎರಡೂವರೆ, ಹಿಂದಿನದು ಮುಂದಿನದು ಸೇರಿ ಮೂರು ರಾಶಿಗೆ ಏಳೂವರೆ. ಇಬ್ಬರೂ ಒಂದೇ ಗ್ರಹದ ಒಂದೇ ಲೆಕ್ಕವನ್ನು ಹೇಳುತ್ತಿದ್ದೀರಿ ಎಂದು ವಿವರಿಸಲು ಹೋದೆ. ಇಬ್ಬರೂ ಒಟ್ಟಾಗಿ ನನ್ನ ಮೇಲೆ ತಿರುಗಿದರು. ಗ್ರಹಗಳು ಎಂಟು, ಪ್ಲೂಟೋವನ್ನು 2006ರಲ್ಲೇ ತೆಗೆದುಹಾಕಿದ್ದಾರೆ ಎಂದು ಮಗಳು. ಗ್ರಹಗಳು ಒಂಬತ್ತು, ಯಾರು ಯಾರನ್ನು ತೆಗೆದರೂ ರಾಹುಕೇತುಗಳನ್ನು ಮುಟ್ಟುವ ಧೈರ್ಯ ಯಾರಿಗಿದೆ ನೋಡುತ್ತೇನೆ ಎಂದು ಅಮ್ಮ. ಕೊನೆಗೆ ಒಂದು ಒಪ್ಪಂದವಾಯಿತು. ಮುಖಪುಟದಲ್ಲಿ ಶನಿ ಇರಲಿ. ಆದರೆ ಪ್ರತಿ ಪತ್ರಿಕೆಯ ನಾಲ್ಕು ಮೂಲೆಗೂ ಅಮ್ಮ ತನ್ನ ಕೈಯಾರೆ ಅರಿಶಿನ ಹಚ್ಚಬೇಕು. ಅರಿಶಿನ ಹಚ್ಚದ ಪತ್ರಿಕೆಯನ್ನು ಕೊಟ್ಟರೆ ಊರಿನಲ್ಲಿ ಏನೆಂದುಕೊಳ್ಳುತ್ತಾರೆ?

ಈಗ ಕೆತ್ತನೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಹಿಡಿದದ್ದು ಬಳಪದ ಕಲ್ಲು. ಕಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಆ ಕಲ್ಲಿನಿಂದಾಗಿಯೇ ಅಷ್ಟು ನಯವಾದ ಕೆಲಸ ಸಾಧ್ಯವಾಯಿತು ಎಂದು ಪ್ರತಿ ವರ್ಷ ಪ್ರವಾಸದಲ್ಲಿ ಮಕ್ಕಳಿಗೆ ಹೇಳುತ್ತೇನೆ. ಆಲೂಗಡ್ಡೆ ಅದಕ್ಕಿಂತ ಮೆತ್ತಗೆ. ಹಾಗಿದ್ದೂ ನನ್ನ ಮೊದಲ ರಾಕೆಟ್ಟು ಬದನೆಕಾಯಿಯಾಯಿತು. ಎರಡನೆಯದನ್ನು ನೋಡಿ ಅಮ್ಮ ಕೈಮುಗಿದಳು. ಅದನ್ನು ಒಡೆಯಲೂ ಆಗದೆ ಅಚ್ಚು ಹಾಕಲೂ ಆಗದೆ ದೇವರ ಗೂಡಿನ ಪಕ್ಕ ಇಡಬೇಕಾಯಿತು. ಮೂರನೆಯದಕ್ಕೆ ರೆಕ್ಕೆ ಮೂಡಿದವು. ಉತ್ಸಾಹದಲ್ಲಿ ಇನ್ನೊಂದು ಗಡ್ಡೆಯಲ್ಲಿ ದೊಡ್ಡದಾಗಿ "ಬಾ" ಎಂದು ಕೆತ್ತಿದೆ. ಇಡೀ ಆಮಂತ್ರಣವನ್ನು ಒಂದೇ ಅಕ್ಷರದಲ್ಲಿ ಹೇಳಬಲ್ಲ ಭಾಷೆ ನಮ್ಮದು ಎಂದು ಹೆಮ್ಮೆಪಟ್ಟು ಹಾಳೆಯ ಮೇಲೆ ಒತ್ತಿದೆ. ಎದ್ದದ್ದು ಕನ್ನಡವಾಗಿರಲಿಲ್ಲ. ಅಚ್ಚಿಗೆ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು ಎಂಬುದು ಕಿಟಕಿಯಿಂದ ಕಂಡಿರಲಿಲ್ಲ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನ ಸಿಕ್ಕಿದ್ದು ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಅದಾದ ಮೇಲೆ ಇಲ್ಲಿ ಕೆತ್ತನೆ ಇಷ್ಟು ಕೆಳಗಿಳಿದದ್ದು ಬಹುಶಃ ಅಂದೇ.

ಅಕ್ಷರವನ್ನು ಪೆನ್ನಿಗೇ ಬಿಟ್ಟೆ. ಆದರೆ ಒಕ್ಕಣೆ ನನ್ನದೇ. ಅದನ್ನು ಬರೆಯುವಾಗ ಅನುಭವಿಸಿದ ಆನಂದವನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ:

"ಅಭಿನಂದನೆಗಳು! ಬಾಹ್ಯಾಕಾಶ ಯಾನಕ್ಕೆ ನೀವು ಆಯ್ಕೆಯಾಗಿದ್ದೀರಿ. ಉಡಾವಣೆ: ಭಾನುವಾರ ಸಂಜೆ 4.30. ಉಡಾವಣಾ ನೆಲೆ: ಸಾಲಗಾಮೆ ರಸ್ತೆ, ತಾರಸಿಯ ಮೇಲೆ. ಭೂಮಿಗೆ ಮರಳುವುದು: 7 ಗಂಟೆಗೆ. ತಡವಾಗಿ ಬಂದವರಿಗಾಗಿ ರಾಕೆಟ್ ಕಾಯುವುದಿಲ್ಲ."

ಕೆಳಗೆ ಮಗಳ ಹೆಸರು, ಅದರ ಮುಂದೆ ಕ್ಯಾಪ್ಟನ್ ಎಂದು, ಮತ್ತು ನನ್ನ ಮೊಬೈಲ್ ಸಂಖ್ಯೆ. ಹೆಂಡತಿ ಒಂದು ಸಲ ಓದಿ, "ಏನೋ ಬಿಟ್ಟುಹೋಗಿದೆ ಅನ್ನಿಸುತ್ತದೆ ರೀ" ಎಂದಳು. ಮನೆ ಸಂಖ್ಯೆ ಇರಬೇಕೆಂದುಕೊಂಡು ಅದನ್ನು ಸೇರಿಸಿದೆ.

ಆಗಸ್ಟ್ ಕೊನೆಯ ಹಾಸನದಲ್ಲಿ ಒದ್ದೆಯಾದದ್ದು ಯಾವುದೂ ಒಣಗುವುದಿಲ್ಲ. ಡಿಕಾಕ್ಷನ್ನಿನಲ್ಲಿ ಅದ್ದಿದ ಹಾಳೆಗಳನ್ನು ಬಟ್ಟೆಯ ಹಗ್ಗಕ್ಕೆ, ಶಾಲೆಯ ಸಮವಸ್ತ್ರಗಳ ನಡುವೆ, ಕ್ಲಿಪ್ ಹಾಕಿ ತೂಗುಬಿಟ್ಟೆ. ಫ್ಯಾನಿನ ಕೆಳಗೂ ಹರಡಿದೆ. ರಾತ್ರಿ ಹನ್ನೆರಡರ ಹೊತ್ತಿಗೆ ಹದಿಮೂರು ಒಣಗಿ, ಮೂಲೆ ಎತ್ತಿಕೊಂಡು ಹಪ್ಪಳದ ಹಾಗೆ ನಿಂತವು. ಇಸ್ತ್ರಿ ಮಾಡಿ ಮಲಗಿಸಿ ಅಚ್ಚು ಹಾಕಿದೆ. ಉಳಿದ ಒಂಬತ್ತನ್ನು ಬೆಳಗಿನ ಜಾವ ಮುಗಿಸೋಣವೆಂದು, ಗಡ್ಡೆಯ ಅಚ್ಚುಗಳು ಸುಕ್ಕಾಗದಿರಲಿ ಎಂದು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಅಡುಗೆಕಟ್ಟೆಯ ಮೇಲಿಟ್ಟು ಮಲಗಿದೆ.

ಅಡುಗೆಕಟ್ಟೆಯ ಮೇಲೆ. ನೀರಿನಲ್ಲಿ. ಕತ್ತರಿಸಿದ ಆಲೂಗಡ್ಡೆ.

ಕುಕ್ಕರ್ ಮೂರನೇ ಬಾರಿ ಕೂಗಿದಾಗ ನನಗೆ ಎಚ್ಚರವಾಯಿತು. ಅಮ್ಮ ಐದಕ್ಕೇ ಎದ್ದು, ರಾತ್ರಿಯೇ ಹೆಚ್ಚಿಟ್ಟ ಸೊಸೆಯ ಜಾಣತನವನ್ನು ಮನಸಾರೆ ಮೆಚ್ಚಿಕೊಂಡು, ದೋಸೆಗೆ ಪಲ್ಯ ಮಾಡುವುದಕ್ಕೆ ಬೇಯಿಸಿಬಿಟ್ಟಿದ್ದಳು. ಮುಚ್ಚಳ ತೆಗೆದು ನೋಡಿದೆ. ರೆಕ್ಕೆಗಳು ಉದುರಿಹೋಗಿದ್ದ ರಾಕೆಟ್ಟು ಹಬೆಯ ನಡುವೆ ಶಾಂತವಾಗಿತ್ತು. "ಹೆಚ್ಚಿದ್ದು ಸ್ವಲ್ಪ ಓರೆಕೋರೆ" ಎಂದು ಮಾತ್ರ ಅಮ್ಮ ಹೇಳಿದಳು. ಅಂದಿನ ಪಲ್ಯಕ್ಕೆ ಕಾಫಿಯ ಕಮಟು ವಾಸನೆ ಇತ್ತು. ಯಾರೂ ಬಾಯಿ ಬಿಡಲಿಲ್ಲ.

ಎರಡನೇ ಆಘಾತ ಮೇಜಿನ ಮೇಲೆ ಕಾದಿತ್ತು. ಮುಗಿದ ಹದಿಮೂರರಲ್ಲಿ ಐದು ಪತ್ರಿಕೆಗಳ ಮೇಲೆ ಶನಿಯ ಬಳೆಗಳು ಚಲಿಸುತ್ತಿದ್ದವು. ಕನ್ನಡಕ ಹಾಕಿಕೊಂಡು ನೋಡಿದರೆ ಇರುವೆ. ರಾತ್ರಿ ಡಿಕಾಕ್ಷನ್ ಸಾಲದೇ ಬಂದಾಗ, ಹೆಂಡತಿ ಸಂಜೆ ಅರ್ಧ ಕುಡಿದು ಬಿಟ್ಟಿದ್ದ ಕಾಫಿಯನ್ನು ವ್ಯರ್ಥ ಮಾಡುವುದೇಕೆಂದು ಅದಕ್ಕೇ ಸುರಿದಿದ್ದೆ. ಸಕ್ಕರೆಯ ವಿಷಯ ನೆನಪಾಗಲಿಲ್ಲ. ಮಗಳಿಗೆ ಮಾತ್ರ ಇದರಿಂದ ಪರಮಾನಂದವಾಯಿತು. ಅನ್ಯಗ್ರಹ ಜೀವಿಗಳು ತಾವಾಗಿಯೇ ಬಂದಿವೆ, ಒರೆಸಬೇಡ ಎಂದು ಹಟ ಹಿಡಿದಳು. ಕೊಡವಿ ಕೊಡವಿ ಚೀಲಕ್ಕೆ ತುಂಬಿದೆ.

ಅಚ್ಚಿಲ್ಲದ ಒಂಬತ್ತಕ್ಕೆ ಸಮಯವೇ ಇರಲಿಲ್ಲ. ವ್ಯಾನು ಬರಲು ಇಪ್ಪತ್ತು ನಿಮಿಷ. ಮಗಳ ಹೆಬ್ಬೆರಳನ್ನು ಅಮ್ಮನ ಸುಣ್ಣ-ಅರಿಶಿನದ ಬಟ್ಟಲಿಗೆ ಅದ್ದಿ ಮೂರು ಮೂರು ಸಲ ಒತ್ತಿಸಿ, ಮಂಗಳ ಗ್ರಹ ಎಂದೆವು. ಕನ್ನಡ ಮೇಷ್ಟ್ರ ಮನೆಯಿಂದ ಹೆಬ್ಬೆಟ್ಟಿನ ಪತ್ರಿಕೆ ಹೋಯಿತು. ಅಮ್ಮ ಇಪ್ಪತ್ತೆರಡಕ್ಕೂ ಮೂಲೆಗೆ ಅರಿಶಿನ ಹಚ್ಚಿ, "ಶನಿವಾರವೇ ಶನಿಯನ್ನು ಮನೆಮನೆಗೆ ಕಳುಹಿಸುತ್ತಿದ್ದೀರಿ, ಇನ್ನು ನಿಮ್ಮಿಷ್ಟ" ಎಂದು ಎಳ್ಳೆಣ್ಣೆಯ ದೀಪ ಹಚ್ಚಲು ದೇವಸ್ಥಾನಕ್ಕೆ ಹೊರಟಳು.

ಮಧ್ಯಾಹ್ನ ಎರಡಕ್ಕೆ ಮೊದಲ ಕರೆ ಬಂತು.

"ಮೇಷ್ಟ್ರೇ, ಇಸ್ರೋದ ಒಳಗೆ ಮೊಬೈಲ್ ಬಿಡುವುದಿಲ್ಲವಲ್ಲ, ಮಗುವನ್ನು ಹೇಗೆ ವಿಚಾರಿಸಿಕೊಳ್ಳುವುದು?"

ನನಗೆ ಅರ್ಥವಾಗಲಿಲ್ಲ. ರಾಂಗ್ ನಂಬರ್ ಇರಬೇಕೆಂದುಕೊಂಡೆ. ಎರಡನೆಯವರು ಆಧಾರ್ ಪ್ರತಿ ಒಂದು ಸಾಕೋ ಎರಡು ಬೇಕೋ ಎಂದು ಕೇಳಿದರು. ಮೂರನೆಯವರು, "ನಮ್ಮ ಹುಡುಗಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ ಸರ್, ಮುಂದಿನ ಸೀಟು ಕೊಡಿಸಬೇಕು" ಎಂದರು. ಬಸ್ಸೇ ಇಲ್ಲವಲ್ಲ ಎಂದೆ. "ಅಯ್ಯೋ, ಅಷ್ಟು ದೂರ ನಡೆಸಿಕೊಂಡು ಹೋಗುತ್ತೀರಾ? ಮಳೆ ಬಂದರೆ?"

ಆಗ ಒಂದು ಪತ್ರಿಕೆಯನ್ನು ಹುಡುಕಿ ತೆಗೆದು, ಇನ್ನೊಬ್ಬರ ಉತ್ತರಪತ್ರಿಕೆಯನ್ನು ಓದುವ ಹಾಗೆ ಓದಿದೆ. ಬಾಹ್ಯಾಕಾಶ. ಸಾಲಗಾಮೆ ರಸ್ತೆ. ಆಯ್ಕೆಯಾಗಿದ್ದೀರಿ. ಹಾಸನದಲ್ಲಿ ಹುಟ್ಟಿ ಬೆಳೆದ ಯಾರೇ ಆದರೂ ಈ ಮೂರನ್ನು ಕೂಡಿಸಿದರೆ ಬರುವ ಮೊತ್ತ ಒಂದೇ. ಹುಟ್ಟುಹಬ್ಬ ಎಂಬ ಪದ ಎಲ್ಲಿಯೂ ಇರಲಿಲ್ಲ. ಪತ್ರಲೇಖನದಲ್ಲಿ "ವಿಷಯ" ಎಂಬ ಸಾಲನ್ನು ಬಿಟ್ಟವರಿಗೆ ಎರಡು ಅಂಕ ಕಳೆಯುತ್ತಾ ಬಂದವನು ನಾನು. ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಆ ಎರಡಂಕದ ಬೆಲೆ ಅಂದು ತಿಳಿಯಿತು.

ನಾಲ್ಕನೇ ಕರೆ ಪಕ್ಕದ ಬೀದಿಯ ಅಮ್ಮನ ಗೆಳತಿಯದು. ಅವರ ಮೊಮ್ಮಗನೂ ಅದೇ ತರಗತಿ. ಅವರು ಇಸ್ರೋದ ಕಡೆಗೆ ಹೋಗಲೇ ಇಲ್ಲ. ಮೂಲೆಯ ಅರಿಶಿನವನ್ನೂ "ತಾರಸಿಯ ಮೇಲೆ" ಎಂಬುದನ್ನೂ ನೋಡಿ, "ಮಹಡಿ ಕಟ್ಟಿಸಿದ್ದು ಒಂದು ಮಾತೂ ಹೇಳಲಿಲ್ಲವಲ್ಲಪ್ಪ. ಗೃಹಪ್ರವೇಶವನ್ನು ಸಂಜೆ ಯಾರು ಇಟ್ಟುಕೊಟ್ಟರು? ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು" ಎಂದರು.

ಹೆಂಡತಿ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು, ತರಗತಿಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ಇದು ಮಗಳ ಹುಟ್ಟುಹಬ್ಬ. ಮನೆಯಲ್ಲಿ. ದಯವಿಟ್ಟು ಬನ್ನಿ" ಎಂದು ಬರೆದಳು. ಎರಡು ನಿಮಿಷವೂ ಹಿಡಿಯಲಿಲ್ಲ.

ಭಾನುವಾರ ಎಲ್ಲ ಮಕ್ಕಳೂ ಬಂದರು. ಮಳೆ ಬಂದು ತಾರಸಿ ಹೋಗಿ, ಉಡಾವಣೆ ನಡುಮನೆಯಲ್ಲೇ ಆಯಿತು. ಉಳಿದ ಆಲೂಗಡ್ಡೆ ಬೋಂಡವಾಗಿ, ಮಕ್ಕಳು ಅದನ್ನು ಉಲ್ಕೆ ಎಂದು ಕರೆದು ತಟ್ಟೆ ಬರಿದು ಮಾಡಿದರು. ಅಮ್ಮನ ಗೆಳತಿ ಗೃಹಪ್ರವೇಶಕ್ಕೆಂದು ತಂದ ಸ್ಟೀಲ್ ಕೊಳಗವನ್ನು ವಾಪಸು ಒಯ್ಯುವುದು ಚೆನ್ನಾಗಿರುವುದಿಲ್ಲವೆಂದು ಏಳು ವರ್ಷದ ಮಗುವಿನ ಕೈಗೇ ಕೊಟ್ಟರು. ಮಗಳು ಅದನ್ನು ತಲೆಗೆ ಹಾಕಿಕೊಂಡು, ಹೆಲ್ಮೆಟ್ ಎಂದು, ಕೇಕ್ ಕತ್ತರಿಸುವವರೆಗೂ ತೆಗೆಯಲಿಲ್ಲ.

ಒಬ್ಬ ತಾತ ಮಾತ್ರ ವಾಟ್ಸ್‌ಆ್ಯಪ್ ನೋಡದವರು. ಸಕಲೇಶಪುರದ ಕಡೆಯ ತೋಟದವರು, ಮಗಳ ಮನೆಗೆ ಬಂದಿದ್ದರಂತೆ. ಮೊಮ್ಮಗನಿಗೆ ಸ್ವೆಟರ್ ತೊಡಿಸಿ, ಹೆಗಲಿಗೆ ನೀರಿನ ಬಾಟಲಿ ನೇತುಹಾಕಿ, ಜೇಬಿನಲ್ಲಿ ಆಧಾರ್ ಪ್ರತಿ ಇಟ್ಟುಕೊಂಡು ನಾಲ್ಕೂಕಾಲಿಗೇ ಗೇಟಿನ ಬಳಿ ನಿಂತಿದ್ದರು. ಒಳಗೆ ಕರೆದು ಕೂರಿಸಿ ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಕ್ಷಮೆಯನ್ನೂ ಕೇಳಿದೆ. ಅವರು ಎರಡು ಬೋಂಡ ಮುಗಿಸುವವರೆಗೆ ಏನೂ ಮಾತನಾಡಲಿಲ್ಲ. ಆಮೇಲೆ ಜೇಬಿನಿಂದ ನನ್ನ ಪತ್ರಿಕೆಯನ್ನು ತೆಗೆದು, ಬಿಡಿಸಿ, ಮೂಗಿನ ಹತ್ತಿರ ಹಿಡಿದು ದೀರ್ಘವಾಗಿ ಒಮ್ಮೆ ಉಸಿರೆಳೆದುಕೊಂಡರು.

"ಮೇಷ್ಟ್ರೇ," ಎಂದರು, "ಪುಡಿಗೆ ಚಿಕೋರಿ ಎಷ್ಟು ಹಾಕಿಸುತ್ತೀರಿ?"